ಆಕ್ಸೈಡ್ ಪದರ ತೆಳುವಾದಷ್ಟೂ ಉಷ್ಣವಾಹಕತೆ ಇಳಿಯುತ್ತಿದೆ, ಕಾರಣವೇನು?

ಕೋಥ್ರೂಡ್_ಲ್ಯಾಬ್, ಪುಣೆ
ಎಲ್ಲರಿಗೂ ನಮಸ್ಕಾರ. ಸಿಲಿಕಾನ್ ವೇಫರ್ ಮೇಲಿನ ಸಿಲಿಕಾನ್ ಡೈಆಕ್ಸೈಡ್ ಪದರಗಳನ್ನು 3-ಒಮೆಗಾ ವಿಧಾನದಲ್ಲಿ (ಲೋಹದ ಗೆರೆಯನ್ನು ಎಸಿ ಕರೆಂಟಿನಿಂದ ಕಾಯಿಸಿ, ಅದರ ಮೂರು ಪಟ್ಟು ಆವರ್ತನದ ವೋಲ್ಟೇಜ್ ನೋಡುವುದು) ಅಳೆದದ್ದು: 300 ನ್ಯಾನೊಮೀಟರಿಗೆ 1.20, 100ಕ್ಕೆ 1.03, 50ಕ್ಕೆ 0.86 (ವ್ಯಾಟ್/ಮೀಟರ್·ಕೆಲ್ವಿನ್). ಹೀಟರ್ 20 ಮೈಕ್ರಾನ್ ಅಗಲದ ಚಿನ್ನದ ಗೆರೆ, ಅಡಿಯಲ್ಲಿ ಕ್ರೋಮಿಯಂ. ವೇಫರ್ ದಪ್ಪ 500 ಮೈಕ್ರಾನ್. ಫೋನಾನ್‌ಗಳಿಗೆ (ಶಾಖ ಹೊರುವ ಪರಮಾಣು ಕಂಪನದ ಕಣಗಳಿಗೆ) ಜಾಗ ಸಾಲದೆ ವಾಹಕತೆ ಕುಸಿದಿದೆ ಎಂದು ಬರೆಯಬಹುದೇ?

ಪೊವಾಯಿ_ಫೋನಾನ್, ಮುಂಬೈ
ದಯವಿಟ್ಟು ಹಾಗೆ ಬರೆಯಬೇಡಿ. ಆಕ್ಸೈಡ್ ಎಂದರೆ ಗಾಜು, ಅದರ ಪರಮಾಣುಗಳಿಗೆ ಸಾಲು ಎಂಬುದೇ ಇಲ್ಲ. ಬಹುಪಾಲು ಕಂಪನ ಒಂದು ನ್ಯಾನೊಮೀಟರ್ ಆಸುಪಾಸಿನಲ್ಲೇ ಚದುರಿಹೋಗುತ್ತದೆ, 50 ನ್ಯಾನೊಮೀಟರ್ ಅದಕ್ಕೆ ಧಾರಾಳ ಜಾಗ. ನಿಮ್ಮ ಅಂಕಿಯೊಳಗೆ ಸೇರಿಕೊಂಡಿರುವುದು ಗಡಿಯ ತಡೆ: ಲೋಹ–ಆಕ್ಸೈಡ್ ನಡುವೆ ಒಂದು, ಆಕ್ಸೈಡ್–ಸಿಲಿಕಾನ್ ನಡುವೆ ಇನ್ನೊಂದು.

ದಪ್ಪವನ್ನು ವಾಹಕತೆಯಿಂದ ಭಾಗಿಸಿ ನೋಡಿ. ಶಾಖಕ್ಕಿರುವ ಒಟ್ಟು ತಡೆ 25.0, 9.7, 5.8 ಬರುತ್ತದೆ (10⁻⁸ ಚದರ ಮೀಟರ್·ಕೆಲ್ವಿನ್/ವ್ಯಾಟ್). ಇದನ್ನು ದಪ್ಪದ ಎದುರು ಗುರುತಿಸಿದರೆ ಮೂರೂ ಬಿಂದು ನೇರ ಗೆರೆಯಲ್ಲಿ ಕೂರುತ್ತವೆ! ಇಳಿಜಾರಿನಿಂದ ವಾಹಕತೆ 1.3, ಅಂದರೆ ಮೂರು ಪದರಕ್ಕೂ ಒಂದೇ. ದಪ್ಪ ಸೊನ್ನೆಯಾದಾಗಲೂ ಅದೇ ಮಾನದಲ್ಲಿ ಸುಮಾರು 2ರಷ್ಟು ತಡೆ ಉಳಿಯುತ್ತದೆ, ಅದು ಗಡಿಗಳದ್ದು. ಅದು 26 ನ್ಯಾನೊಮೀಟರ್ ಆಕ್ಸೈಡಿಗೆ ಸಮ. 300ರಲ್ಲಿ ಅಷ್ಟಾಗಿ ಕಾಣದು, 50ರಲ್ಲಿ ಒಟ್ಟು ತಡೆಯ ಮೂರನೇ ಒಂದು ಪಾಲು ಅದೇ.

ಹಡಪ್ಸರ್_ಥರ್ಮಲ್, ಪುಣೆ
ಮೇಲಿನ ಲೆಕ್ಕ ಸರಿ. ಆದರೆ ಯಾವ ಆವರ್ತನದಲ್ಲಿ ಅಳೆದಿರಿ? ಶಾಖದ ಅಲೆ ಸಿಲಿಕಾನಿಗೆ ಇಳಿಯುವ ಆಳ ಗೆರೆಯ ಅರ್ಧ ಅಗಲದ ಐದು ಪಟ್ಟಿಗಿಂತ ಹೆಚ್ಚು, ವೇಫರಿನ ಐದನೇ ಒಂದಕ್ಕಿಂತ ಕಡಿಮೆ ಇರಬೇಕು. ನಿಮ್ಮ ಅಳತೆಗಳಿಗೆ ಸುಮಾರು 700ರಿಂದ 2800 ಹರ್ಟ್ಸ್. ಅಲ್ಲಿ ತಾಪದ ಏರಿಕೆಯನ್ನು ಆವರ್ತನದ ಲಾಗ್ ಎದುರು ಹಾಕಿದರೆ ನೇರ ಗೆರೆ ಬರಬೇಕು. ಕಡಿಮೆ ಡೋಪಿಂಗ್‌ನ (ಬೇರೆ ಪರಮಾಣುಗಳ ಬೆರಕೆ ಕಡಿಮೆಯಿರುವ) ವೇಫರಾದರೆ ಆ ಗೆರೆಯ ಇಳಿಜಾರಿನಿಂದ ಸಿಲಿಕಾನಿನ ವಾಹಕತೆ 148ರ ಹತ್ತಿರ ಸಿಗದಿದ್ದರೆ ಪದರದ ಅಂಕಿಯನ್ನೂ ನಂಬಬೇಡಿ.

ಕರೆಂಟ್ ಇಮ್ಮಡಿಸಿದರೆ 3-ಒಮೆಗಾ ವೋಲ್ಟೇಜ್ ಎಂಟು ಪಟ್ಟಾಗಬೇಕು. ಆಗದಿದ್ದರೆ ಕರೆಂಟ್ ಸೋರ್ಸಿನದೇ ಹಾರ್ಮಾನಿಕ್ (ಮೂರು ಪಟ್ಟು ಆವರ್ತನದ ಬೇಡದ ಅಂಶ) ನುಸುಳುತ್ತಿದೆ ಎಂದು ಅನುಮಾನಿಸಿ. ಚಿನ್ನದ ತಾಪ ಗುಣಾಂಕವನ್ನು (ಒಂದು ಕೆಲ್ವಿನ್ ಬಿಸಿಯೇರಿದರೆ ರೋಧ ಎಷ್ಟು ಪಾಲು ಏರುತ್ತದೆ ಎಂಬುದನ್ನು) ಪುಸ್ತಕದಿಂದ ಎತ್ತಬೇಡಿ. ತೆಳು ಗೆರೆಯಲ್ಲಿ ಅದು 0.0034ಕ್ಕಿಂತ ಕಡಿಮೆ; ಪುಸ್ತಕದ್ದನ್ನೇ ಹಾಕಿದರೆ ವಾಹಕತೆ ಹೆಚ್ಚಾಗಿ ಕಾಣುತ್ತದೆ. 50 ನ್ಯಾನೊಮೀಟರ್ ಪದರದಲ್ಲಿ ಸೂಜಿರಂಧ್ರವಿದ್ದರೆ ಕರೆಂಟ್ ವೇಫರಿಗೆ ಸೋರುತ್ತದೆ, ಮೊದಲು ಹೀಟರಿಗೂ ವೇಫರಿಗೂ ನಡುವಿನ ರೋಧ ನೋಡಿ. ಆಕ್ಸೈಡನ್ನು ಪ್ಲಾಸ್ಮಾದಲ್ಲಿ ಕೂರಿಸಿದ್ದರೆ ನಮ್ಮ ಮಳೆಗಾಲದ ತೇವ ಹೀರಬಹುದು. ನಿರ್ವಾತದಲ್ಲಿಟ್ಟೇ ಅಳೆಯಿರಿ.

ಕೋಥ್ರೂಡ್_ಲ್ಯಾಬ್
ತುಂಬ ಉಪಕಾರವಾಯಿತು. ಹಾಗಾದರೆ ಗಾತ್ರದ ಪರಿಣಾಮ ನಿಜವಾಗಿ ಎಲ್ಲಿ ಕಾಣುತ್ತದೆ?

ಪೊವಾಯಿ_ಫೋನಾನ್
ಸ್ಫಟಿಕ ಸಿಲಿಕಾನಿನಲ್ಲಿ. ಕೋಣೆಯ ತಾಪದಲ್ಲಿ ಅಲ್ಲಿ ಶಾಖದ ದೊಡ್ಡ ಪಾಲನ್ನು ಹೊರುವ ಫೋನಾನ್‌ಗಳು ನೂರಾರು ನ್ಯಾನೊಮೀಟರ್ ತಡೆಯಿಲ್ಲದೆ ಓಡುತ್ತವೆ. ಪದರ 20 ನ್ಯಾನೊಮೀಟರಾದರೆ ಮೇಲೂ ಕೆಳಗೂ ಗೋಡೆಗೆ ಬಡಿದು ಚದುರಿ, 148 ಇದ್ದ ವಾಹಕತೆ ಪದರದ ಉದ್ದಕ್ಕೆ ಸುಮಾರು 22ಕ್ಕೆ ಬೀಳುತ್ತದೆ. ಅಡ್ಡಲಾಗಿ, ಅಂದರೆ ದಪ್ಪದ ದಿಕ್ಕಿನಲ್ಲಿ ಅಳೆದರೆ ಬೇರೆ ಅಂಕಿ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.