ಸಹಾಯ ಬೇಕು: ಎಡಿಎಚ್‌ಡಿ ಮಾತ್ರೆ ಶುರುವಾದ ಮೇಲೆ ಶುಗರ್ ಏರುಪೇರು

ಎಲ್ಲರಿಗೂ ನಮಸ್ಕಾರ. ನನಗೆ ಟೈಪ್ 2 ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ನಲವತ್ತು ದಾಟಿದ ಮೇಲೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ ತೊಂದರೆ) ಅಂತ ಗೊತ್ತಾಗಿ, ಮನೋವೈದ್ಯರು ಮೀಥೈಲ್‌ಫೆನಿಡೇಟ್ ಕೊಟ್ಟಿದ್ದಾರೆ. ಕೆಲಸದಲ್ಲಿ ಗಮನ ನಿಲ್ಲುತ್ತಿದೆ, ಅದು ಖುಷಿ.

ತೊಂದರೆ ಇರುವುದು ಊಟದಲ್ಲಿ. ಈ ಎಡಿಎಚ್‌ಡಿ ಮಾತ್ರೆಗೆ ಹಸಿವೇ ಸತ್ತುಹೋಗುತ್ತದೆ. ಮಧ್ಯಾಹ್ನ ಡಬ್ಬಿ ತೆರೆದರೆ ಎರಡು ತುತ್ತು ಮೊಸರನ್ನ ಇಳಿದರೆ ಜಾಸ್ತಿ. ಆದರೆ ಊಟ ಬಿಟ್ಟರೂ ಗ್ಲಿಮೆಪಿರೈಡ್ ಸುಮ್ನೆ ಇರಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ, ಶುಗರ್ ಇಳಿದುಬಿಡುತ್ತದೆ. ಮೊನ್ನೆ ಸಂಜೆ ಕೈ ನಡುಗಿತು, ಬೆವರಿತು. ಗ್ಲುಕೋಮೀಟರ್‌ನಲ್ಲಿ ನೋಡಿದರೆ 64. ತಕ್ಷಣ ಸಕ್ಕರೆ ನೀರು ಕುಡಿದೆ. ರಾತ್ರಿ ಎಡಿಎಚ್‌ಡಿ ಮಾತ್ರೆಯ ಪ್ರಭಾವ ಇಳಿದ ಮೇಲೆ ವಿಪರೀತ ಹಸಿವು. ಅನ್ನ, ಚಪಾತಿ, ಡಬ್ಬದ ಚಕ್ಕುಲಿ, ಏನೂ ಬಿಡಲ್ಲ. ಬೆಳಗ್ಗೆ ಫಾಸ್ಟಿಂಗ್ (ಖಾಲಿ ಹೊಟ್ಟೆಯ) ಶುಗರ್ 160 ದಾಟಿರುತ್ತದೆ.

ಶುಗರ್ ಇಳಿದಾಗ ಎದೆಬಡಿತ ಏರುತ್ತದೆ, ಎಡಿಎಚ್‌ಡಿ ಮಾತ್ರೆಯಿಂದಲೂ ಏರುತ್ತದಲ್ವಾ? ಹಾಗಾಗಿ ಅಳೆಯದೆ ಶುಗರ್ ಇಳಿದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಎರಡೂ ಔಷಧಿ ತೆಗೆದುಕೊಳ್ಳುವವರು ಯಾರಾದರೂ ಇದ್ದೀರಾ? ಮಧ್ಯಾಹ್ನ ಏನು ತಿನ್ನುತ್ತೀರಿ? ಸಿಜಿಎಂ (ಮೈಗೆ ಅಂಟಿಸಿಕೊಂಡು ಶುಗರ್ ಸತತವಾಗಿ ಅಳೆಯುವ ಸಾಧನ) ಹಾಕಿಸಿಕೊಂಡರೆ ಉಪಯೋಗ ಇದೆಯಾ? ಡೋಸ್ ನಾನಾಗಿ ಬದಲಿಸಲ್ಲ, ಈ ವಾರವೇ ಶುಗರ್ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಅವರನ್ನು ಏನೇನು ಕೇಳಬೇಕು ಅಂತಲೂ ಹೇಳಿ. ಹಾಗಲಕಾಯಿ ಜ್ಯೂಸ್ ಸಲಹೆ ಮಾತ್ರ ದಯವಿಟ್ಟು ಬೇಡ, ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.