ಪ್ರಶ್ನೋತ್ತರ: ಲಗಾಮು ಕಂಡರೆ ತಲೆ ಎತ್ತುವ ಕುದುರೆ, ಡಿಜೆ ಸದ್ದು, ಗೊರಸು, ದಾಣಿ

ಅಡ್ಮಿನ್: ಈ ವಾರ ಪ್ರಶ್ನೆಗಳಿಗೆ ಇಬ್ಬರು ಉತ್ತರ ಕೊಡ್ತಾರ: ಒಬ್ಬರು ಕುದುರೆ ನೋಡುವ ಪಶುವೈದ್ಯರು, ಇನ್ನೊಬ್ಬರು ತಿನಿಸು ಕೊಟ್ಟು ಕಲಿಸುವ ಪದ್ಧತಿಯ ತರಬೇತಿದಾರರು. ಕುದುರೆಯ ವಯಸ್ಸು, ಕೆಲಸ, ಮೇವು ಏನು ಅನ್ನೂದು ಬರೀರಿ. "ಕುದುರಿ ಹಟ ಮಾಡತದ" ಅಂತಷ್ಟೇ ಬರದ್ರ ಯಾರಿಗೂ ಏನೂ ಹೇಳಾಕ ಆಗೂದಿಲ್ಲ.

ಪ್ರಶ್ನೆ (ವಿಜಯಪುರ, ಟಾಂಗಾ): ಆರು ವರ್ಷದ ಗಂಡು ಕುದುರಿ, ಗೋಳಗುಮ್ಮಟದ ಕಡೆ ಟಾಂಗಾಕ್ಕ ಹೂಡತೀವಿ. ಎರಡು ತಿಂಗಳಾತು, ಲಗಾಮು ಕೈಯಾಗ ಹಿಡದ್ರ ಸಾಕು, ತಲಿ ಮ್ಯಾಲ ಎತ್ತಿ ಹಿಂದ ಸರೀತದ. ಹಲ್ಲು ಕಚ್ಚಿ ಹಿಡೀತದ, ಬಾಯಿ ಬಿಡಂಗಿಲ್ಲ. ಮುಳ್ಳಿನ ಕಡಿವಾಣ ಹಾಕು, ತಾನ ಸರಿ ಹೋಗತದ ಅಂತಾರ ಮಂದಿ. ಹಾಕಬೇಕೋ ಬ್ಯಾಡೋ?

ಪಶುವೈದ್ಯರು: ಬೇಡ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳಲ್ಲಿ ಮುಳ್ಳಿನ ಕಡಿವಾಣಕ್ಕೆ (ಕಡಿವಾಣ ಅಂದರೆ ಲಗಾಮಿನಲ್ಲಿ ಬಾಯೊಳಗೆ ಹೋಗುವ ಕಬ್ಬಿಣ) ನೇರ ನಿಷೇಧವಿದೆ. ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಬಾಯಿ ನೋಯುತ್ತಿದ್ದರೆ ಅದೇ ಬಾಯಿಗೆ ಮುಳ್ಳು ಹಾಕಿದಂತಾಗುತ್ತದೆ.

ಇಷ್ಟು ದಿನ ಸುಮ್ಮನೆ ಹಾಕಿಸಿಕೊಂಡ ಕುದುರೆ ಎರಡು ತಿಂಗಳಿಂದ ಒಲ್ಲೆ ಅಂದರೆ ಎಲ್ಲೋ ನೋವಿದೆ ಅಂತಲೇ ಹಿಡಿಯಬೇಕು. ಮೊದಲು ಎರಡೂ ಕಟಬಾಯಿ ನೋಡಿ: ಹುಣ್ಣು, ಬಿಳಿ ಗಾಯದ ಗುರುತು ಇದೆಯೇ? ನಂತರ ದವಡೆ ಹಲ್ಲು. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಸವೆಯುತ್ತಾ ಸವೆಯುತ್ತಾ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನ ಹಲ್ಲಿನ ಒಳ ಅಂಚು ಚೂರಿಯಂತೆ ಹರಿತವಾಗುತ್ತವೆ. ಲಗಾಮಿನ ಪಟ್ಟಿ ಕೆನ್ನೆಯನ್ನು ಆ ಅಂಚಿಗೆ ಒತ್ತುತ್ತದೆ. ವರ್ಷಕ್ಕೊಮ್ಮೆ ಹಲ್ಲು ತೋರಿಸಿ ಅಂಚು ಉಜ್ಜಿಸಬೇಕು. ಮೊದಲ ದವಡೆ ಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಬಟಾಣಿಯಷ್ಟು ಸಣ್ಣ ಹಲ್ಲು ಬರುತ್ತದೆ, ವುಲ್ಫ್ ಟೂತ್ ಅಂತಾರೆ. ಕಡಿವಾಣ ಅದಕ್ಕೆ ತಾಗಿದರೆ ಯಾವ ತರಬೇತಿಯೂ ಹತ್ತುವುದಿಲ್ಲ.

ಕಡಿವಾಣದ ಅಳತೆಯನ್ನೂ ನೋಡಿ. ಬಾಯಿಯ ಎರಡೂ ಬದಿಗೆ ಸುಮಾರು ಅರ್ಧ ಸೆಂಟಿಮೀಟರ್ ಹೊರಗಿರಬೇಕು. ಮೂಗಿನ ಪಟ್ಟಿ ಮತ್ತು ಮೂಗಿನ ಮೂಳೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಇನ್ನೊಂದು, ನಿಮ್ಮೂರಿನ ಬಿಸಿಲಿಗೇ ಸಂಬಂಧಪಟ್ಟದ್ದು: ಟಾಂಗಾದ ಮೇಲೆ ಬಿಟ್ಟ ಕಬ್ಬಿಣದ ಕಡಿವಾಣ ಏಪ್ರಿಲ್ ಮಧ್ಯಾಹ್ನ ಎಷ್ಟು ಕಾದಿರುತ್ತದೆ ಅನ್ನುವುದನ್ನು ನಿಮ್ಮ ಮುಂಗೈಗೆ ಒತ್ತಿ ನೋಡಿ. ನೀರಲ್ಲಿ ಅದ್ದಿ ಆಮೇಲೆ ಬಾಯಿಗೆ ಹಾಕಿ.

ತರಬೇತಿದಾರರು: ನೋವು ಹೋದ ಮೇಲೂ ನೆನಪು ಉಳಿಯುತ್ತದೆ, ಲಗಾಮು ಕಂಡ ಕೂಡಲೇ ತಲೆ ಎತ್ತುತ್ತದೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಮೊದಲು ಒಂದು ಗುರುತಿನ ಸದ್ದು ಬೇಕು, "ಈಗ ಮಾಡಿದಿಯಲ್ಲ, ಅದೇ ಸರಿ" ಅಂತ ಆ ಕ್ಷಣಕ್ಕೇ ಹೇಳುವ ಸದ್ದು. ಹೊರಗಿನವರು ನಾಲಿಗೆಯಿಂದ ಟಕ್ ಅನ್ನಿಸಿದರೂ ನಡೆಯುತ್ತದೆ ಅಂತಾರೆ. ಟಾಂಗಾ ಕುದುರೆಗೆ ನಡೆಯುವುದಿಲ್ಲ! ನಾಲಿಗೆ ಟಕ್ ಅಂದರೆ ಅದಕ್ಕೆ "ನಡಿ" ಅಂತ ಅರ್ಥ. ಒತ್ತುವ ಬಾಲ್‌ಪೆನ್ನಿನ ಸದ್ದು ಸಾಕು. ಅಥವಾ ಬೇರೆ ಯಾವುದಕ್ಕೂ ಬಳಸದ ಒಂದು ಗಿಡ್ಡ ಶಬ್ದ ಇಟ್ಟುಕೊಳ್ಳಿ. "ಶಾಬಾಸ್" ಉದ್ದವಾಯಿತು, ಅದು ಮುಗಿಯುವಷ್ಟರಲ್ಲಿ ಕುದುರೆ ಇನ್ನೇನೋ ಮಾಡಿರುತ್ತದೆ.

ತಿನಿಸಿಗೆ ಗಜ್ಜರಿ. ಉದ್ದುದ್ದ ಸೀಳಿ, ದುಂಡಗೆ ಕತ್ತರಿಸಬೇಡಿ, ದುಂಡನೆಯ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸೀಳು ಕಿರುಬೆರಳಿನ ಅರ್ಧದಷ್ಟಿದ್ದರೆ ಆಯಿತು. ಕುದುರೆ ಅಡ್ಡಗಳದ ಆಚೆ, ನೀವು ಈಚೆ. ಸದ್ದು, ತಿನಿಸು, ಸದ್ದು, ತಿನಿಸು. ಹೀಗೆ 10–15 ಸಲ. ಸದ್ದು ಮೊದಲು, ಕೈ ಆಮೇಲೆ ಚೀಲಕ್ಕೆ. ಎರಡೂ ಒಟ್ಟಿಗೆ ಆದರೆ ಕುದುರೆ ಸದ್ದು ಕೇಳುವುದಿಲ್ಲ, ಕೈಯನ್ನೇ ನೋಡುತ್ತದೆ. ಹೆಚ್ಚಿನವರು ತಪ್ಪುವುದೇ ಇಲ್ಲಿ.

ನಂತರ ಒಂದು ಕೋಲಿನ ತುದಿಗೆ ಚೆಂಡು ಸಿಕ್ಕಿಸಿ, ಮೂಗು ಮುಟ್ಟಿಸುವುದನ್ನು ಕಲಿಸಿ. ಚೆಂಡು ಹಳದಿ ಅಥವಾ ನೀಲಿ ಇರಲಿ. ಕುದುರೆಗೆ ಕೆಂಪು–ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಹಸಿರಿನ ಮುಂದೆ ಕೆಂಪು ಚೆಂಡು ಎದ್ದು ಕಾಣದು. ಕೋಲು ಬಾರುಕೋಲಿನಂತೆ ಕಾಣಬಾರದು, ತುಂಡು ಪೈಪ್ ಆದರೂ ನಡೆಯುತ್ತದೆ. ಹಣೆಯ ನೇರ ಮುಂದೆ ಹಿಡಿಯಬೇಡಿ, ಅಲ್ಲಿ ಕುದುರೆಗೆ ಕುರುಡು ಜಾಗ. ಸ್ವಲ್ಪ ಬದಿಗೆ ಹಿಡಿಯಿರಿ.

ಇದು ಬಂದ ಮೇಲೆ ಲಗಾಮು. ಒಂದು ಮೀಟರ್ ದೂರದಲ್ಲಿ ಹಿಡಿಯಿರಿ. ಅದರ ಕಡೆ ನೋಡಿ ತಲೆ ಎತ್ತದೆ ನಿಂತರೆ ಸದ್ದು, ತಿನಿಸು. ಆಮೇಲೆ ಅರ್ಧ ಮೀಟರ್. ತಾನಾಗಿ ಮೂಗು ಮುಟ್ಟಿಸಿದರೆ ಸದ್ದು. ತುಟಿಗೆ ತಾಗಿದರೆ ಸದ್ದು. ಬಾಯಿ ಸಡಿಲಿಸಿದರೆ ಸದ್ದು. ಕಡಿವಾಣ ಒಂದು ಸೆಕೆಂಡ್ ಒಳಗೆ, ಕೂಡಲೇ ಹೊರಗೆ. ನಂತರ ಮೂರು ಸೆಕೆಂಡ್, ಹತ್ತು ಸೆಕೆಂಡ್. ಕಿವಿಯ ಮೇಲಿನ ಪಟ್ಟಿ ಕಟ್ಟಕಡೆಗೆ. ಹತ್ತರಲ್ಲಿ ಎಂಟು ಸಲ ಸಲೀಸಾಗಿ ಆದರೆ ಮುಂದಿನ ಮೆಟ್ಟಿಲು, ಸತತ ಎರಡು ಸಲ ತಲೆ ಎತ್ತಿದರೆ ಹಿಂದಿನ ಮೆಟ್ಟಿಲು.

ಹಾಕುವುದಕ್ಕಿಂತ ತೆಗೆಯುವುದರಲ್ಲಿ ಕೆಡಿಸುವವರೇ ಹೆಚ್ಚು. ಸಂಜೆ ದಣಿದು ಬಂದು ಪಟ್ಟಿ ಬಿಚ್ಚಿ ಜಗ್ಗಿಬಿಡುತ್ತಾರೆ. ಕಡಿವಾಣ ಮುಂದಿನ ಹಲ್ಲಿಗೆ ಹೊಡೆಯುತ್ತದೆ. ಮರುದಿನ ಬೆಳಿಗ್ಗೆ ಲಗಾಮು ಕಂಡೊಡನೆ ತಲೆ ಮೇಲೆ. ಪಟ್ಟಿ ಕಿವಿಯಿಂದ ನಿಧಾನ ಇಳಿಸಿ ಕೈಯಲ್ಲೇ ಹಿಡಿದುಕೊಂಡು ಕಾಯಿರಿ. ಕುದುರೆ ತಾನೇ ನಾಲಿಗೆಯಿಂದ ತಳ್ಳಿ ಕಡಿವಾಣ ಬಿಡುತ್ತದೆ. ಎರಡು ಸೆಕೆಂಡಿನ ಕೆಲಸ.

ಪ್ರಶ್ನೆ (ಅವರೇ): ಇಷ್ಟಕ್ಕೆಲ್ಲ ಟೈಮ್ ಎಲ್ಲಿರತದ್ರಿ? ಮುಂಜಾನೆ ಎಂಟಕ್ಕ ಗಾಡಿ ಹೂಡಬೇಕು.

ತರಬೇತಿದಾರರು: ಐದು ನಿಮಿಷ, ದಿನಕ್ಕೆ ಎರಡು ಸಲ. ಹೆಚ್ಚು ಮಾಡಿದರೆ ಬೇಗ ಕಲಿಯುವುದೂ ಇಲ್ಲ. ಅಲ್ಲಿಯವರೆಗೆ ಹೇಗೂ ಗಾಡಿ ಹೂಡಲೇಬೇಕಾದರೆ, ಕಲಿಸುವ ಜಾಗ ಬೇರೆ, ಹೂಡುವ ಜಾಗ ಬೇರೆ ಇರಲಿ. ಆದಷ್ಟು ಲಗಾಮೂ ಬೇರೆ ಇರಲಿ. ಹಲ್ಲಿನಲ್ಲೋ ಕಟಬಾಯಲ್ಲೋ ಗಾಯ ಇದ್ದರೆ ಮಾತ್ರ ಹೂಡಲೇಬೇಡಿ.

ಪ್ರಶ್ನೆ (ಬೆಳಗಾವಿ): ತಿನಿಸು ರೂಢಿ ಮಾಡಿದ್ರ ಕುದುರಿ ಕಿಸೆ ಹುಡುಕತೈತಿ, ಕೈ ಕಚ್ಚತೈತಿ. ಅದಕ್ಕ ನಮ್ಮ ಹಿರಿಯಾರು ಕೈಯಾಗ ಏನೂ ಕೊಡಬ್ಯಾಡ ಅಂತಿದ್ರು.

ತರಬೇತಿದಾರರು: ಹಿರಿಯರು ಕಂಡದ್ದು ಸುಳ್ಳಲ್ಲ. ಹುಡುಕಿದಾಗ ಕೊಟ್ಟರೆ ಹುಡುಕುವುದನ್ನೇ ಕಲಿಯುತ್ತದೆ, ಕಚ್ಚಿದಾಗ ಕೊಟ್ಟರೆ ಕಚ್ಚುವುದನ್ನು. ಅದಕ್ಕೇ ಎಲ್ಲಕ್ಕಿಂತ ಮೊದಲ ಪಾಠ "ಮುಖ ಆಚೆ ತಿರುಗಿಸಿದರೆ ಸಿಗುತ್ತದೆ" ಅನ್ನುವುದು. ಅಡ್ಡಗಳದ ಈಚೆ, ಕುದುರೆಯ ಕತ್ತಿನ ಪಕ್ಕ ಚೀಲ ಕಟ್ಟಿಕೊಂಡು ಕಲ್ಲಿನಂತೆ ನಿಲ್ಲಿ. ಅದು ಚೀಲ ಮೂಸುತ್ತದೆ, ತಳ್ಳುತ್ತದೆ. ಬೈಯಬೇಡಿ, ದೂಡಬೇಡಿ. ಒಂದು ಗಳಿಗೆಗೆ ಮೂಗು ನೇರ ಮುಂದಕ್ಕೆ ಹೋಗುತ್ತದಲ್ಲ, ಆಗ ಸದ್ದು. ತಿನಿಸನ್ನು ನಿಮ್ಮ ಮೈ ಹತ್ತಿರ ಕೊಡದೆ, ತೋಳು ಪೂರ್ತಿ ಚಾಚಿ, ಅದರ ತಲೆ ಎಲ್ಲಿರಬೇಕೋ ಅಲ್ಲಿಗೇ ಒಯ್ದು, ಅಂಗೈ ಚಪ್ಪಟೆ ಮಾಡಿ ಕೊಡಿ. ಹೆಬ್ಬೆರಳು ಬೆರಳುಗಳಿಗೆ ಅಂಟಿರಲಿ. ಕೈ ಕಚ್ಚುವ ರೂಢಿ ಈಗಾಗಲೇ ಇದ್ದರೆ ಅಗಲ ತಟ್ಟೆಯಲ್ಲಿ ಕೊಡಿ. ಕಲಿಸುವ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಮಕ್ಕಳು, ದಾರಿಹೋಕರು ಕೈತುತ್ತು ಕೊಡುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಪಾಠವೆಲ್ಲ ನೀರುಪಾಲು.

ಹಸಿದ ಕುದುರೆಗೆ ಕಲಿಸಬೇಡಿ. ಹಸಿದರೆ ಬೇಗ ಕಲಿಯುತ್ತದೆ ಅನ್ನುವುದು ತಪ್ಪು, ಅದು ತಿನಿಸಿನ ಮೇಲೆ ಬೀಳುತ್ತದೆ ಅಷ್ಟೆ. ಮೇವು ತಿನ್ನಿಸಿ ಆಮೇಲೆ ಶುರುಮಾಡಿ.

ಪ್ರಶ್ನೆ (ಬೆಳಗಾವಿ, ಮದುವೆ ಮೆರವಣಿಗೆ ಕುದುರೆ): ಬ್ಯಾಂಡಿಗೆ ಏನೂ ಅನ್ನೂದಿಲ್ಲ, ಡಿಜೆ ಮತ್ತು ಪಟಾಕಿಗೆ ಮಾತ್ರ ಬೆದರತೈತಿ. ಸದ್ದಿನ ಮುಂದ ಕಟ್ಟಿ ನಿಲ್ಲಿಸಿದ್ರ ರೂಢಿ ಆಗತೈತಿ ಅಂತಾರ, ಖರೇನ?

ತರಬೇತಿದಾರರು: ಕಟ್ಟಿ ನಿಲ್ಲಿಸಿದರೆ ಕೆಲವು ಕುದುರೆ ಸುಮ್ಮನಾಗುತ್ತವೆ. ಅದು ಧೈರ್ಯ ಅಲ್ಲ, ಓಡಲು ದಾರಿಯಿಲ್ಲ ಅಂತ ಕೈಚೆಲ್ಲಿದ್ದು. ಕಣ್ಣಿನ ಮೇಲಿನ ಚರ್ಮ ಮುಕ್ಕೋನೆಯಾಗಿ ಸೆಟೆದಿರುತ್ತದೆ, ಗದ್ದ ಬಿಗಿದಿರುತ್ತದೆ, ಮೂಗಿನ ಹೊಳ್ಳೆ ಸುಕ್ಕು. ಆ ಕುದುರೆ ಮದುಮಗನನ್ನು ಹೊತ್ತು ರಸ್ತೆ ನಡುವೆ ಒಂದು ದಿನ ಎಗರುತ್ತದೆ.

ಕುದುರೆಯ ಕಿವಿ ನಮ್ಮದಕ್ಕಿಂತ ಬೇರೆ. ನಮಗೆ ಸುಮಾರು 20 ಸಾವಿರ ಹರ್ಟ್ಜ್‌ಗೆ ಮುಗಿದರೆ ಅದಕ್ಕೆ 33 ಸಾವಿರದವರೆಗೂ ಕೇಳುತ್ತದೆ. ಹಳೆಯ ಸ್ಪೀಕರಿನ ಕಿರುಚು ನಮಗಿಂತ ಅದಕ್ಕೆ ಹೆಚ್ಚು.

ಡಿಜೆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಲಾಯದಿಂದ 20 ಹೆಜ್ಜೆ ದೂರ ಇಟ್ಟು, ಕುದುರೆ ಮೇವು ತಿನ್ನುವಾಗ ಸಣ್ಣಗೆ ಹಚ್ಚಿ. ಅಳತೆ ಮೇವಿನದೇ: ತಿನ್ನುತ್ತಲೇ ಇದ್ದರೆ ಸರಿ. ತಲೆ ಎತ್ತಿ, ಕಿವಿ ಕೊಟ್ಟು, ಮತ್ತೆ ತಿನ್ನಲು ಹತ್ತಿದರೂ ಸರಿ. ಬಾಯಲ್ಲಿ ಮೇವು ಹಾಗೇ ಹಿಡಿದು ನಿಂತರೆ ಸದ್ದು ಹೆಚ್ಚಾಯಿತು ಅಂತಲೇ. ಒಂದು ದಿನ ಸದ್ದು ಹೆಚ್ಚಿಸಿ, ಇಲ್ಲವೇ ಹತ್ತಿರ ತನ್ನಿ, ಎರಡನ್ನೂ ಒಟ್ಟಿಗೆ ಬೇಡ. ಪಟಾಕಿಗೆ ಕ್ರಮ ಮುಖ್ಯ: ಮೊದಲು ಸಣ್ಣ ಢಂ, ಆಮೇಲೆ ಗಜ್ಜರಿ. ತಿನಿಸು ಮೊದಲು ಕೊಟ್ಟು ಆಮೇಲೆ ಸದ್ದು ಮಾಡಿದರೆ ತಿನಿಸು ಕಂಡರೂ ಹೆದರುವುದನ್ನು ಕಲಿಯುತ್ತದೆ.

ವಾರಗಟ್ಟಲೆ ಹಿಡಿಯುತ್ತದೆ. ಈ ಸೀಸನ್ನಿಗೆ ಆಗದಿದ್ದರೆ ಬ್ಯಾಂಡಿನ ಮೆರವಣಿಗೆಗಷ್ಟೇ ಒಪ್ಪಿಕೊಳ್ಳಿ. ಕಾಲಬುಡಕ್ಕೆ ಪಟಾಕಿ ಸರ ಹಚ್ಚುವ ಮದುವೆಗೆ ಯಾವ ಕುದುರೆಯನ್ನೂ ಕಳಿಸಬಾರದು, ಎಷ್ಟೇ ಕಲಿತಿರಲಿ.

ಪ್ರಶ್ನೆ (ಬಾಗಲಕೋಟೆ): ನಾಲು ಬಡಿಯಾಕ ಹಿಂದಿನ ಕಾಲು ಕೊಡೂದಿಲ್ಲ, ಒದಿತೈತಿ.

ತರಬೇತಿದಾರರು: ಮುಂಗಾಲಿನಿಂದ ಶುರುಮಾಡಿ. ಭುಜದ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಕೈಯನ್ನು ಭುಜದಿಂದ ಕೆಳಗೆ ಸವರುತ್ತಾ ಬನ್ನಿ. ಭಾರ ಆಚೆ ಕಾಲಿಗೆ ಬದಲಾಯಿಸಿದರೆ ಅಷ್ಟಕ್ಕೇ ಸದ್ದು, ತಿನಿಸು. ಕಾಲು ಎತ್ತುವುದೆಲ್ಲ ಆಮೇಲೆ. ಹಿಮ್ಮಡಿ ಎದ್ದರೆ ಸದ್ದು. ಒಂದು ಸೆಕೆಂಡ್ ಹಿಡಿದರೆ ಸದ್ದು. ಮೂರು, ಹತ್ತು, ಮೂವತ್ತು. ಕುದುರೆ ಕಿತ್ತುಕೊಳ್ಳುವ ಮೊದಲೇ ನೀವೇ ಕೆಳಗಿಡಬೇಕು. ನಂತರ ಅಡಿಯಲ್ಲಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವ ಅಭ್ಯಾಸ. ನಾಲಬಂದ್ ಬರುವ ದಿನ ಹೊಸ ಪಾಠ ಮಾಡಬೇಡಿ. ಇಬ್ಬರಿರಿ, ಒಬ್ಬರು ತಲೆಯ ಕಡೆ ತಿನಿಸಿಗೆ. ಹಿಂಗಾಲಿಗೂ ಇದೇ ಕ್ರಮ, ಆದರೆ ಕೈ ಬದಲು ಮೊದಲು ಕೋಲಿಗೆ ಬಟ್ಟೆ ಸುತ್ತಿ ಮುಟ್ಟಿಸಿ. ಒದ್ದರೂ ಕೋಲಿಗೆ ಬೀಳಲಿ.

ಪಶುವೈದ್ಯರು: ವಯಸ್ಸಾದ ಕುದುರೆ ಒಂದೇ ಕಾಲು ಕೊಡದಿದ್ದರೆ ಆ ಕಾಲಷ್ಟೇ ಅಲ್ಲ, *ಎದುರು* ಕಾಲಿನ ಕೀಲೂ ನೋಡಿ. ಎತ್ತಿದಾಗ ಭಾರವೆಲ್ಲ ಅದಕ್ಕೇ ಬೀಳುತ್ತದೆ. ಗೊರಸು ಕತ್ತರಿಸುವುದು 6ರಿಂದ 8 ವಾರಕ್ಕೊಮ್ಮೆ, ನಾಲು ಸವೆದಿರಲಿ ಬಿಡಲಿ. ಧನುರ್ವಾಯು ಲಸಿಕೆ ತಪ್ಪಿಸಬೇಡಿ, ಒಂದು ಮೊಳೆ ಚುಚ್ಚಿದರೆ ಸಾಕು. ಬೆಳಗಾವಿ ಕಡೆಯವರು ಮಳೆಗಾಲದಲ್ಲಿ ಅಡಿ ಮೂಸಿ ನೋಡಿ. ಕಪ್ಪು ನೀರು, ಕೊಳೆತ ವಾಸನೆ ಇದ್ದರೆ ಮೊದಲು ಲಾಯ ಒಣಗಿಸಬೇಕು, ಔಷಧ ಆಮೇಲಿನ ಮಾತು.

ಪ್ರಶ್ನೆ (ಬಾಗಲಕೋಟೆ, ಅವರೇ): ಮೇವು: ಕಬ್ಬಿನ ವಾಡಿ, ಹಸಿ ಜೋಳದ ಮೇವು, ಮುಂಜಾನಿ ಮೂರು ಕೆಜಿ ಗೋಧಿ ಬೂಸಾ. ಎಮ್ಮಿ ದಾಣಿ ಉಳದ್ರ ಅದನ್ನೂ ಕೊಡತೀವಿ. ಬರೋಬ್ಬರಿ ಐತೇನ?

ಪಶುವೈದ್ಯರು: ಇಲ್ಲ, ಮೂರು ಕಡೆ ತಪ್ಪಿದೆ.

ಎಮ್ಮೆ ದಾಣಿ ಇವತ್ತೇ ನಿಲ್ಲಿಸಿ. ದನ, ಕೋಳಿಗಳ ಕೆಲವು ಆಹಾರಕ್ಕೆ ಮೊನೆನ್ಸಿನ್ ಸೇರಿಸಿರುತ್ತಾರೆ. ದನಕ್ಕೆ ಸಲ್ಲುವ ಪ್ರಮಾಣವೇ ಕುದುರೆಯ ಹೃದಯದ ಸ್ನಾಯು ಕೆಡಿಸಿ ಕೊಲ್ಲಬಹುದು.

ಹಸಿ ಜೋಳ ದನಕ್ಕೆ ವಿಷವಾಗುವುದು ಎಲ್ಲರಿಗೂ ಗೊತ್ತು. ಕುದುರೆಗೆ ಹಸಿ ಜೋಳವನ್ನೇ ದಿನಗಟ್ಟಲೆ ಹಾಕಿದರೆ ಬೇರೆ ರೀತಿ ಹೊಡೆಯುತ್ತದೆ: ಹಿಂಗಾಲು ತೂರಾಡುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಚೆನ್ನಾಗಿ ಒಣಗಿದ ಕಣಿಕೆ ಕೊಡಿ.

ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ದಿನಾ ಮೂರು ಕೆಜಿ ಹೋದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ, ಮುಖದ ಮೂಳೆ ಊದುತ್ತದೆ, ಕುಂಟುತ್ತದೆ. ಅರ್ಧ ಕೆಜಿಗೆ ಇಳಿಸಿ. ಒಮ್ಮೆಗೇ ಅಲ್ಲ, ಹತ್ತು ದಿನದಲ್ಲಿ. ಆ ಜಾಗಕ್ಕೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಶೇಂಗಾ ಹೊಟ್ಟು ಸ್ವಲ್ಪ ಸ್ವಲ್ಪ.

300 ಕೆಜಿ ಕುದುರೆಗೆ ಒಣಲೆಕ್ಕದಲ್ಲಿ ದಿನಕ್ಕೆ 6 ಕೆಜಿ ಮೇವು, 4.5ಕ್ಕಿಂತ ಕಡಿಮೆ ಎಂದೂ ಬೇಡ. ವಾಡಿಯಲ್ಲಿ ಬಹುಪಾಲು ನೀರು, ಹೊರೆ ನೋಡಿ ಮೋಸಹೋಗಬೇಡಿ. ಕುದುರೆಯ ಹೊಟ್ಟೆ ಸಣ್ಣದು, ಆಮ್ಲ ಹಗಲು ರಾತ್ರಿ ಸುರಿಯುತ್ತಿರುತ್ತದೆ. ಖಾಲಿ ಬಿಟ್ಟರೆ ಹುಣ್ಣು. ನೆನೆಸಿದ ಕಡಲೆ ಕೊಡುವವರು ಒಂದು ಹೊತ್ತಿಗೆ ಒಂದು ಕೆಜಿ ದಾಟಬೇಡಿ. ಬೂಸಲು ಹಿಡಿದ ಗೋವಿನಜೋಳ ಒಂದು ಮುಷ್ಟಿಯೂ ಬೇಡ, ಆ ಬೂಸಲಿನ ವಿಷ ಕುದುರೆಯ ಮಿದುಳನ್ನು ಕರಗಿಸುತ್ತದೆ. ಕುದುರೆಗೆ ವಾಂತಿ ಆಗುವುದಿಲ್ಲ, ತಪ್ಪು ಒಳಗೆ ಹೋದರೆ ಹೊರಗೆ ಬಾರದು. ತರಬೇತಿಯ ಗಜ್ಜರಿ ಒಂದು ಪಾಠಕ್ಕೆ 250 ಗ್ರಾಂ ಸಾಕು. ಬೆಲ್ಲ ಬೇಡ, ಅದರಲ್ಲೂ ಕತ್ತಿನ ಮೇಲೆ ಕೊಬ್ಬು ಕಟ್ಟಿದ ಕುದುರೆಗೆ.

ಪ್ರಶ್ನೆ (ವಿಜಯಪುರ): ಬೆವತ ಕುದುರಿಗೆ ತಣ್ಣೀರ ಕುಡಿಸಬಾರದು, ಮೈಮ್ಯಾಲ ಹಾಕಬಾರದು ಅಂತಾರಲ್ಲ?

ಪಶುವೈದ್ಯರು: ಎರಡೂ ಮಾತು ಬಿಡಿ. ಕುಡಿಯಲಿ, ಸ್ವಲ್ಪ ನಿಂತು ಮತ್ತೆ ಕುಡಿಯಲಿ. ಬೇಸಿಗೆಯಲ್ಲಿ ಗಾಡಿ ಎಳೆಯುವ ಕುದುರೆಗೆ ದಿನಕ್ಕೆ 40–50 ಲೀಟರ್ ಬೇಕಾಗುತ್ತದೆ, ಜೊತೆಗೆ ಎರಡು ಚಮಚ ಉಪ್ಪು. ಮೈ ಬಿಸಿಯೇರಿದರೆ ನೆರಳಿಗೆ ತಂದು ತಣ್ಣೀರು ಸುರಿಯುತ್ತಲೇ ಇರಿ. ಗೋಣಿಚೀಲ ಒದ್ದೆ ಮಾಡಿ ಹೊದಿಸಬೇಡಿ, ಅದು ಬಿಸಿ ಹಿಡಿದಿಡುತ್ತದೆ. ಗುದದ್ವಾರದ ಉಷ್ಣತೆ ಸಾಮಾನ್ಯಕ್ಕೆ 37.5–38.5 ಡಿಗ್ರಿ, 40 ದಾಟಿದರೆ ನೀರು ಸುರಿಯುತ್ತಲೇ ವೈದ್ಯರಿಗೆ ಫೋನ್ ಮಾಡಿ. ಅದೇ 1965ರ ನಿಯಮಗಳ ಪ್ರಕಾರ ಹವೆಯ ಉಷ್ಣತೆ 37 ಡಿಗ್ರಿ ದಾಟಿದ ದಿನ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ, ದಿನಕ್ಕೆ ಒಟ್ಟು 9 ತಾಸು, ಬಿಡುವಿಲ್ಲದೆ 5 ತಾಸು ಮೀರುವಂತಿಲ್ಲ, ನಾಲ್ಕಕ್ಕಿಂತ ಹೆಚ್ಚು ಸವಾರಿ ಕೂರಿಸುವಂತಿಲ್ಲ. ಆರು ವರ್ಷದೊಳಗಿನ ಮಕ್ಕಳು ಲೆಕ್ಕಕ್ಕಿಲ್ಲ.

ಪ್ರಶ್ನೆ (ಚಿಕ್ಕೋಡಿ ಕಡೆ): ಹಂಗಾರ ಲಗಾಮು ಜಗ್ಗೂದ ತಪ್ಪೇನ? ತಿನಿಸು ಕೊಟ್ಕೋತ ರಸ್ತಾದಾಗ ಗಾಡಿ ಹೊಡಿಯಾಕ ಆಗತೈತೇನ?

ತರಬೇತಿದಾರರು: ಆಗುವುದಿಲ್ಲ. ರಸ್ತೆಯಲ್ಲಿ ಲಗಾಮು ಬೇಕೇ ಬೇಕು. ಒತ್ತಡ ಕೊಟ್ಟು, ಕುದುರೆ ಮಾಡಿದ ಕೂಡಲೇ ಬಿಡುವುದೂ ಕಲಿಸುವ ಒಂದು ಬಗೆಯೇ. ಕೆಡುವುದು ಬಿಡದಿದ್ದಾಗ. ನಿಂತ ಮೇಲೂ ಜಗ್ಗಿ ಹಿಡಿದರೆ, ನಿಂತರೂ ನೋವು, ನಡೆದರೂ ನೋವು. ಆಮೇಲೆ ಅದು ಯಾವ ಒತ್ತಡಕ್ಕೂ ಕಿವಿಗೊಡುವುದಿಲ್ಲ, ಜನ ಅದನ್ನು "ಬಾಯಿ ಗಟ್ಟಿ" ಅಂತಾರೆ. "ಹೋ" ಅನ್ನುವ ಮಾತು ಮೊದಲು, ಒಂದು ಸೆಕೆಂಡ್ ಬಿಟ್ಟು ಹಗುರ ಒತ್ತಡ, ನಿಂತೊಡನೆ ಸಡಿಲ. ಲಾಯದ ಮುಂದೆ ನಿಂತಾಗ ಗಜ್ಜರಿಯೂ ಸೇರಿಸಿ. ಬರಬರುತ್ತಾ ಮಾತಿಗೇ ನಿಲ್ಲುತ್ತದೆ. ಶರ್ಯತ್ತಿಗೆ ಚಾಟಿ ಬೀಸಿ ಓಡಿಸಿದ ಕುದುರೆಯನ್ನೇ ಸೋಮವಾರ ಶಾಲೆ ಮಕ್ಕಳ ಗಾಡಿಗೆ ಹೂಡಿ, ಅದು ನಿಲ್ಲುವುದಿಲ್ಲ ಅಂತ ಮಾತ್ರ ಇಲ್ಲಿ ಕೇಳಬೇಡಿ.

ಪಶುವೈದ್ಯರು: ಮೊದಲ ಪ್ರಶ್ನೆಯವರು ಎರಡೂ ಕಟಬಾಯಿಯ ಫೋಟೋ ಹಾಕಿ, ಹಗಲು ಬೆಳಕಿನಲ್ಲಿ, ಲಗಾಮು ತೆಗೆದು. ಮೇವು ಅಗಿಯುವಾಗ ಅರ್ಧ ಉಂಡೆ ಮಾಡಿ ಕೆಳಗೆ ಬೀಳಿಸುತ್ತದೆಯೇ ಅನ್ನುವುದನ್ನೂ ಬರೆಯಿರಿ.