ನಮ್ಮ ಪರಂಗಿ, ಚೀನಾದ ಫೊಲಾಂಗ್‌ಜಿ: ಎರಡೂ ಒಂದೇನಾ?

ಸಕಲೇಶಪುರದವ:
ಮೊನ್ನೆ ಗಾಳಿಗೆ ಹಿತ್ತಿಲಿನ ಪರಂಗಿ ಮರ ಮುರಿದು ಬಿತ್ತು. ಕಾಯಿ ಆರಿಸುತ್ತಿದ್ದಾಗ ಮಗಳು ಇದಕ್ಕೆ ಪರಂಗಿ ಅಂತ ಯಾಕೆ ಹೆಸರು ಅಂದಳು. ಪರಂಗಿಯವರು, ಅಂದ್ರೆ ಪೋರ್ಚುಗೀಸರು ತಂದಿದ್ದು ಅಂತ ಹೇಳಿ ಮುಗಿಸಿದೆ. ಅವಳು ಬಿಡಬೇಕಲ್ಲ! ರಾತ್ರಿ ಮೊಬೈಲಿನಲ್ಲಿ ಹುಡುಕಿ, ಹಳೇ ಚೀನಾದವರು ಪೋರ್ಚುಗೀಸರನ್ನು ಫೊಲಾಂಗ್‌ಜಿ ಅಂತಿದ್ರಂತೆ, ಅದೂ ಇದೇ ಪದನಾ ಅಂತ ಮತ್ತೆ ಬಂದಳು. ನನಗೆ ಗೊತ್ತಿಲ್ಲ.
ಅದನ್ನು ಓದುತ್ತಾ ನನಗೇ ಇನ್ನೊಂದು ಅನುಮಾನ ಬಂತು. ಇದೇ ಜನ 1510ರಲ್ಲಿ ಗೋವಾ ಹಿಡಿದರು, ಮರುವರ್ಷ ಈಗಿನ ಮಲೇಷಿಯಾದ ಮಲಾಕ್ಕಾ ಬಂದರು ಹಿಡಿದರು. ಚೀನಾದಲ್ಲಿ ಮಾತ್ರ 1557ರ ಹೊತ್ತಿಗೆ ಮಕಾವ್ ಅನ್ನೋ ಒಂದು ತುಂಡು ನೆಲದಲ್ಲಿ ಬಾಡಿಗೆ ಕಟ್ಟಿಕೊಂಡು ಕೂತರು. ಯಾಕೆ? ತಿಳಿದವರು ಹೇಳಿ.

ಬೇಲೂರು ರಸ್ತೆ:
ಮೂಲ ಒಂದೇ. ಯುರೋಪಿನ ಫ್ರಾಂಕ್ ಜನರ ಹೆಸರು ಅರಬ್ಬರ, ಪರ್ಷಿಯನ್ನರ ಬಾಯಲ್ಲಿ ಫರಂಗಿ ಆಯ್ತು. ಅದು ವ್ಯಾಪಾರಿಗಳ ಜೊತೆ ಹಡಗು ಹತ್ತಿ ನಮ್ಮಲ್ಲಿಗೂ ಬಂತು, ಚೀನಾಕ್ಕೂ ಹೋಯ್ತು.
ಮಗಳಿಗೆ ಇನ್ನೊಂದು ಹೇಳಿ, ಖುಷಿ ಪಡ್ತಾಳೆ. ನಾವು ತೋಪಿಗೆ ಫಿರಂಗಿ ಅಂತೀವಲ್ವಾ? ಚೀನಾದಲ್ಲೂ ಫೊಲಾಂಗ್‌ಜಿ ಅಂದ್ರೆ ಜನರೂ ಹೌದು, ಅವರ ತೋಪೂ ಹೌದು! 1520ರ ದಶಕದಲ್ಲಿ ಮಿಂಗ್ (ಆಗ ಚೀನಾ ಆಳ್ತಿದ್ದ ರಾಜವಂಶ) ಸೈನ್ಯ ಪೋರ್ಚುಗೀಸರನ್ನು ಸಮುದ್ರದಲ್ಲಿ ಹೊಡೆದು ಓಡಿಸಿ, ಸಿಕ್ಕಿದ ತೋಪು ನೋಡಿ ತಾವೇ ಮಾಡಿಕೊಳ್ಳೋಕೆ ಶುರು ಮಾಡಿತು. ಅದರ ಹಿಂಬದಿಯಲ್ಲಿ ಒಂದು ಗೂಡು. ಹಿಡಿ ಇರೋ ಚೊಂಬಿನ ಥರದ ಕಬ್ಬಿಣದ ಪಾತ್ರೆಗೆ ಮದ್ದು ತುಂಬಿ ಆ ಗೂಡಿನಲ್ಲಿ ಕೂರಿಸಿ ಬೆಣೆ ಹೊಡೆಯೋದು. ಹಾರಿಸಿದ ಮೇಲೆ ಅದನ್ನು ತೆಗೆದು, ಮೊದಲೇ ತುಂಬಿಟ್ಟ ಇನ್ನೊಂದನ್ನು ಇಡೋದು. ಬಾಯಿಂದ ಗಜ ಹಾಕಿ ಜಡಿಯುವ ಕೆಲಸವೇ ಇಲ್ಲ. ನಿಮ್ಮೂರಿನ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದಲ್ಲಿದೆಯಲ್ಲ, ಅದೂ ತೋಪಿನ ಕಾಲದ ಲೆಕ್ಕಾಚಾರವೇ.

ಅಡಿಕೆ ಕೊಯ್ಲು:
ಇಷ್ಟೆಲ್ಲ ಯಾಕೆ. ಚೀನಾದವರು ಬಾಗಿಲು ಹಾಕಿಕೊಂಡು ಕೂತಿದ್ದರು. ಯಾರನ್ನೂ ಒಳಗೆ ಬಿಡ್ತಿರಲಿಲ್ಲ, ಅಷ್ಟೇ.

ಚಿಕ್ಕಮಗಳೂರು ಹಳೇ ಮೇಷ್ಟ್ರು:
ಅಷ್ಟೇ ಅಲ್ಲ ಮಾರಾಯ್ರೇ. ಬಾಗಿಲು ಹಾಕಿತ್ತು ನಿಜ, ಆದರೆ ಕಿಟಕಿಯಲ್ಲಿ ವ್ಯಾಪಾರ ಜೋರಾಗಿತ್ತು.
ಮೊದಲು ಜಗಳದ ಕಥೆ. 1517ರಲ್ಲಿ ಪೋರ್ಚುಗೀಸ್ ಹಡಗುಗಳು ದಕ್ಷಿಣ ಚೀನಾದ ಕ್ಯಾಂಟನ್ನಿಗೆ, ಅಂದ್ರೆ ಈಗಿನ ಗುವಾಂಗ್‌ಝೌಗೆ ಬಂದವು. ಬಂದವರೇ ಮರ್ಯಾದೆಗೆ ಅಂತ ತೋಪು ಹಾರಿಸಿದರು. ಅವರ ಪದ್ಧತಿ ಅದು. ಊರವರಿಗೆ ಎದೆ ಒಡೆದುಹೋಯ್ತು, ಆಮೇಲೆ ಕ್ಷಮೆ ಕೇಳಿದ್ದಾಯ್ತು. ತೋಮೆ ಪಿರೆಸ್ ಅನ್ನೋ ರಾಯಭಾರಿಯನ್ನು ಇಳಿಸಿ ಹೋದರು. ಅವನು ಹಿಂದೆ ಔಷಧಿ ವ್ಯಾಪಾರಿ, ಒಳ್ಳೇ ತಿಳಿವಳಿಕಸ್ಥ. ವರ್ಷಗಟ್ಟಲೆ ಕಾದು ಬೀಜಿಂಗ್ ಮುಟ್ಟಿದ. ಅಲ್ಲಿ ದೊರೆಯ ಪತ್ರ ಒಡೆದರೆ ಗ್ರಹಚಾರ! ದುಭಾಷಿಗಳು ಅಲ್ಲಿನ ವಾಡಿಕೆಯಂತೆ ನಾವು ನಿಮ್ಮ ಸೇವಕರು ಅನ್ನೋ ಧಾಟಿಯಲ್ಲಿ ಒಂದು ಪತ್ರ ಬರೆದಿದ್ದರು, ಪೋರ್ಚುಗಲ್ ದೊರೆಯ ಪತ್ರ ಸರಿಸಮಾನನ ಹಾಗೆ ಮಾತಾಡ್ತಿತ್ತು. ಎರಡಕ್ಕೂ ತಾಳೆ ಇಲ್ಲ. ಸಾಲದ್ದಕ್ಕೆ ಮಲಾಕ್ಕಾ ಕಳಕೊಂಡ ಸುಲ್ತಾನನ ದೂರೂ ಬಂತು. ಅವನು ಮಿಂಗ್ ಆಸ್ಥಾನಕ್ಕೆ ಕಪ್ಪ ಕಳಿಸುತ್ತಿದ್ದವನು. ಇತ್ತ ಕ್ಯಾಂಟನ್ ಹತ್ತಿರ ಇನ್ನೊಬ್ಬ ಕ್ಯಾಪ್ಟನ್ ಅಪ್ಪಣೆ ಇಲ್ಲದೆ ಕೋಟೆ ಕಟ್ಟಿದ್ದ. 1521ರಲ್ಲಿ ಝೆಂಗ್‌ದೆ ಚಕ್ರವರ್ತಿ ತೀರಿಕೊಂಡ. ಪಿರೆಸ್‌ನನ್ನು ಕ್ಯಾಂಟನ್ನಿಗೆ ಅಟ್ಟಿ ಜೈಲಿಗೆ ಹಾಕಿದರು. ಪಾಪ, ಅವನು ಊರಿಗೆ ವಾಪಸ್ಸು ಹೋಗಲೇ ಇಲ್ಲ.
ಇಷ್ಟಾದ ಮೇಲೂ ಮಕಾವ್ ಕೊಟ್ಟಿದ್ದು ಯಾಕೆ ಅಂದ್ರೆ ಬೆಳ್ಳಿ. ಮಿಂಗ್ ಸರ್ಕಾರ ಕಂದಾಯವನ್ನು ದವಸದ ಬದಲು ಬೆಳ್ಳಿಯಲ್ಲಿ ಕೇಳ್ತಾ ಹೋಯ್ತು, ದೇಶದಲ್ಲಿ ಬೆಳ್ಳಿ ಸಾಲದು. ಜಪಾನಿನಲ್ಲಿ ಗಣಿಗಳಿದ್ದವು, ಆದರೆ ಕಡಲುಗಳ್ಳರ ಕಾಟದಿಂದ ಜಪಾನಿನ ಜೊತೆ ನೇರ ವ್ಯಾಪಾರ ಬಂದ್. ನಡುವೆ ಓಡಾಡೋಕೆ ಒಬ್ಬ ಮೂರನೆಯವನು ಬೇಕಾಗಿತ್ತು, ಅದು ಪರಂಗಿ! ಕ್ಯಾಂಟನ್ನಿನ ರೇಷ್ಮೆ ಮಕಾವ್ ಮೂಲಕ ನಾಗಸಾಕಿಗೆ, ಅಲ್ಲಿಂದ ಬೆಳ್ಳಿ ವಾಪಸ್ಸು. 1639ರಲ್ಲಿ ಜಪಾನಿನವರೇ ಇವರನ್ನು ಹೊರಗೆ ಹಾಕೋವರೆಗೂ ಇದು ನಡೆಯಿತು.
ಬಾಡಿಗೆಯ ವಿಷಯ ಇನ್ನೂ ಮಜಾ. ವರ್ಷಕ್ಕೆ 500 ತಾಯೆಲ್, ಅಂದ್ರೆ 18 ಕಿಲೋಗೂ ಜಾಸ್ತಿ ಬೆಳ್ಳಿ. ಪೋರ್ಚುಗೀಸರು ಹೇಳೋ ಕಥೆ ಪ್ರಕಾರ ಮೊದಲು ಅದು ಅಲ್ಲಿನ ಒಬ್ಬ ಅಧಿಕಾರಿಗೆ ಸುಮ್ನೆ ಕೈಬಿಸಿ ಮಾಡ್ತಿದ್ದ ದುಡ್ಡು. 1570ರ ದಶಕದಲ್ಲಿ ಒಂದು ಸಲ ದುಭಾಷಿ ಬಾಯಿತಪ್ಪಿ, ಬೇರೆ ಅಧಿಕಾರಿಗಳ ಎದುರೇ, ಇದು ಮಕಾವಿನ ನೆಲಬಾಡಿಗೆ ಅಂದುಬಿಟ್ಟ. ಪಕ್ಕದವರು ನೋಡ್ತಾ ಇದ್ದಾರೆ, ಸಾಹೇಬರು ಏನು ಮಾಡ್ಯಾರು? ಹೌದೌದು, ಇದು ಖಜಾನೆಗೆ ಹೋಗಬೇಕಾದ್ದು ಅಂದರು. ಅಲ್ಲಿಗೆ ಲಂಚ ಬಾಡಿಗೆ ಆಯ್ತು. ಕೊನೆಗೆ ಕಟ್ಟೋದು ನಿಲ್ಲಿಸಿದ್ದು 1849ರಲ್ಲಿ.

ಸಕಲೇಶಪುರದವ:
ಮೇಷ್ಟ್ರೇ, ಬಾಯಿತಪ್ಪಿದ ದುಭಾಷಿಗೆ ನಮ್ಮ ಕಡೆಯಿಂದ ಒಂದು ಕಾಫಿ. ಆದರೆ ಗೋವಾ ಥರ ಹಿಡಿಯೋಕೆ ಯಾಕೆ ಆಗಲಿಲ್ಲ?

ಚಿಕ್ಕಮಗಳೂರು ಹಳೇ ಮೇಷ್ಟ್ರು:
ಗೋವಾದಲ್ಲಿ ಸುತ್ತಮುತ್ತಲ ದೊರೆಗಳಿಗೇ ಪರಸ್ಪರ ಆಗುತ್ತಿರಲಿಲ್ಲ, ಅದು ಇವರಿಗೆ ಅನುಕೂಲ. ಚೀನಾದಲ್ಲಿ ಎದುರಿಗಿದ್ದಿದ್ದು ಒಂದೇ ದೊಡ್ಡ ರಾಜ್ಯ. ಮೇಲಾಗಿ ಮಕಾವಿಗೆ ಅನ್ನ ಬರೋದೇ ಒಳನಾಡಿನಿಂದ. ಅದನ್ನು ಸೇರಿಸೋದು ಸಣ್ಣ ಪಟ್ಟಿಯಂಥ ನೆಲ, ಅದಕ್ಕೆ ಅಡ್ಡ ಗೋಡೆ ಹಾಕಿ ಒಂದು ಬಾಗಿಲಿಟ್ಟಿದ್ದರು. ಗೊತ್ತಾದ ದಿನ ತೆಗೆಯೋದು, ಅಕ್ಕಿ ತರಕಾರಿ ಕೊಂಡ ಮೇಲೆ ಮುಚ್ಚೋದು. ಪರಂಗಿಯವರು ಹಟ ಹಿಡಿದರೆ ಬಾಗಿಲು ತೆಗೆಯದಿದ್ದರೆ ಸಾಕು. ತೋಟದ ಗೇಟಿನ ಬೀಗದ ಕೈ ಧಣಿಯ ಹತ್ತಿರ ಇದ್ದ ಹಾಗೆ.

ಅಡಿಕೆ ಕೊಯ್ಲು:
ಸರಿ, ಸೋತೆ. ಒಂದು ಪ್ರಶ್ನೆ. ಶೃಂಗೇರಿ ಕಡೆ ನಮ್ಮ ಅತ್ತೆ ಮನೆಯಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಅಂತಾರೆ. ಅದು ಚೀನಾದ್ದಾ?

ಬೇಲೂರು ರಸ್ತೆ:
ಅಲ್ಲ, ಅದು ಅಮೆರಿಕ ಖಂಡದ್ದು. ಪರಂಗಿ ಹಣ್ಣೂ ಅಲ್ಲಿಯದೇ. ಹಿತ್ತಿಲಲ್ಲಿ ಬಿದ್ದ ಕಾಯಿ ಇನ್ನೂ ಇದ್ದರೆ ಪಲ್ಯ ಮಾಡಿಸಿ ಸಕಲೇಶಪುರದವರೇ, ಹಣ್ಣಾಗೋಕೆ ಕಾಯಬೇಡಿ. ಈ ಮಳೆಗೆ ಕೊಳೆತುಹೋಗುತ್ತೆ.